ಎದುರು ಕುರ್ಚಿಯ ಲ್ಯಾಪ್‌ಟಾಪು

ಪೂರ್ತಿ ಕೆಟ್ಟುಹೋದ ವಸ್ತುವಿನಿಂದ ಮನುಷ್ಯರಿಗೆ ಅಷ್ಟೇನೂ ತೊಂದರೆಯಿಲ್ಲ. ಅಟ್ಟಕ್ಕೆ ಹಾಕಬಹುದು, ಗುಜರಿಯವನಿಗೆ ಕೊಡಬಹುದು, ಒಂದೆರಡು ದಿನ ಪೇಚಾಡಿ ಮರೆತೂ ಬಿಡಬಹುದು. ನಿಜವಾಗಿ ಕಾಡುವುದು ಅರ್ಧ ಕೆಟ್ಟದ್ದು. ಬೆಳಿಗ್ಗೆ ಸರಿಯಾಗಿದ್ದು ಸಂಜೆ ಕೈಕೊಡುವಂಥದ್ದು. ನಮ್ಮೆದುರು ಕೆಟ್ಟು, ಪರರೆದುರು ಮುದ್ದಾಗಿ ನಡೆದುಕೊಳ್ಳುವಂಥದ್ದು. ನಮ್ಮ ಶಾಲೆಯಲ್ಲಿ ಇಂಥ ಹುಡುಗರು ತರಗತಿಗೆ ಇಬ್ಬರಾದರೂ ಇರುತ್ತಾರೆ. ವರ್ಷವಿಡೀ ನನ್ನ ಪಿರಿಯಡ್ಡಿನಲ್ಲಿ ಬೆಂಚಿನ ಮೊಳೆ ಕೀಳುತ್ತಾ ಕೂತವರು, ಬಿ.ಇ.ಓ. ಸಾಹೇಬರು ಬಂದ ದಿನ ಎದ್ದು ನಿಂತು ದ್ಯುತಿಸಂಶ್ಲೇಷಣೆಯನ್ನು ಗಟಗಟನೆ ಒಪ್ಪಿಸುತ್ತಾರೆ. ಅಂಥವರನ್ನು ಇಪ್ಪತ್ತೆಂಟು ವರ್ಷ ನಿಭಾಯಿಸಿದ ನಾನು ಒಂದು ಲ್ಯಾಪ್‌ಟಾಪಿಗೆ ಸೋತೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಮನೆಯಲ್ಲಿ ಕೇಳುವವರು ಯಾರೂ ಇಲ್ಲದ ಕಾರಣ ನೀವೇ ಕೇಳಬೇಕು.

ನಾನು ತಿ. ನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಮನೆ ಇರುವುದು ನಂಜನಗೂಡಿನಲ್ಲಿ. ನಮ್ಮೂರಿನ ಕಪಿಲೆಯೂ ನಾನೂ ದಿನಾ ಹೋಗುವುದು ಒಂದೇ ಕಡೆಗೆ. ಅವಳು ನರಸೀಪುರ ಮುಟ್ಟಿ ಕಾವೇರಿಯ ಕೈ ಹಿಡಿದು ಮುಂದಕ್ಕೆ ಹೋಗಿಬಿಡುತ್ತಾಳೆ. ನಾನು ಮಾತ್ರ ಸಂಜೆ ಐದೂಕಾಲರ ಬಸ್ಸಿನಲ್ಲಿ ನಿಂತುಕೊಂಡು ವಾಪಸ್ಸು ಬರುತ್ತೇನೆ. ಬಂದು ಬೀಗ ತೆಗೆಯುತ್ತೇನೆ. ಬೀಗ ತೆಗೆಯುವುದು ನನಗೆ ಹೊಸ ಕೆಲಸ. ಎರಡು ವರ್ಷದ ಹಿಂದಿನವರೆಗೆ ನಾನು ಗೇಟಿನ ಚಿಲಕ ಅಲ್ಲಾಡಿಸಿದರೆ ಸಾಕು, ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ನಿಂತು, ನನ್ನ ತಂಗಿ ಮಂಗಳ ಬಾಯಲ್ಲಿ ದಾರ ಕಚ್ಚಿಕೊಂಡೇ ಬಂದು ಬಾಗಿಲು ತೆಗೆಯುತ್ತಿದ್ದಳು. ಆಗ ನನ್ನ ಹತ್ತಿರ ನನ್ನ ಮನೆಯ ಕೀಲಿಯೇ ಇರಲಿಲ್ಲ. ಈಗ ಇದೆ, ದಿನಕ್ಕೊಂದು ಸಲ ಬ್ಯಾಗಿನಲ್ಲಿ ಸಿಗದೆ ಸತಾಯಿಸುತ್ತದೆ.

ಮಂಗಳಳ ಮದುವೆ ನಲವತ್ತೆಂಟನೆಯ ವಯಸ್ಸಿನಲ್ಲಾಯಿತು. ನಾವಿಬ್ಬರೂ ಮದುವೆಯಾಗದೆ ಉಳಿದವರು. ಯಾಕೆ ಎಂದು ಕೇಳುವವರೂ ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು. ಹೀಗಿರುವಾಗ ಕವಲಂದೆಯ ಒಂದು ಹುಡುಗಿ ತನ್ನ ಮದುವೆಯ ಬ್ಲೌಸು ಹೊಲಿಸಲು ಬಂದಳು. ತಾಯಿ ಇಲ್ಲದ ಹುಡುಗಿ. ಅಳತೆ ಕೊಡುತ್ತಾ ಕೊಡುತ್ತಾ ಅವಳು ಮಂಗಳಳ ಅಳತೆಯನ್ನೇ ತೆಗೆದುಕೊಂಡು ಹೋದಳೆಂದು ಕಾಣುತ್ತದೆ. ಮದುವೆಯಾಗಿ ಮೂರು ತಿಂಗಳಿಗೆ ಅಪ್ಪನನ್ನು ಕರೆದುಕೊಂಡು ಬಂದು ನಮ್ಮ ಹಜಾರದಲ್ಲಿ ಕೂರಿಸಿ, "ನೀವು ನಮ್ಮನೇಗೆ ಬಂದ್ಬುಡಿ ಚಿಕ್ಕವ್ವಾ. ನಾನೂ ಗಂಡನ್ ಮನೇಗ್ ಓದ್ ಮ್ಯಾಲೆ ಅಪ್ಪಯ್ಯ ಸರ್ಯಾಗಿ ಉಣ್ತಾ ಇಲ್ಲ," ಎಂದು ತಾನೇ ಹೆಣ್ಣು ಕೇಳಿದಳು. ಅಪ್ಪಯ್ಯನಾದ ನಂಜಪ್ಪನವರು ತಲೆ ತಗ್ಗಿಸಿ ಕಾಫಿ ಲೋಟವನ್ನು ತಿರುಗಿಸುತ್ತಿದ್ದರು. ಮಠದಲ್ಲಿ ಹತ್ತು ಜನರ ಮುಂದೆ ಮದುವೆ ಆಯಿತು. ನಂಜಪ್ಪನವರು ಕುಡಿಯುವುದಿಲ್ಲ, ಬೈಯುವುದಿಲ್ಲ, ನನ್ನನ್ನು ಅಕ್ಕೋರೇ ಎನ್ನುತ್ತಾರೆ, ನಾಲ್ಕು ಹಸು ಕಟ್ಟಿದ್ದಾರೆ. ಒಂದೇ ಒಂದು ದೂರು ಹೇಳೋಣವೆಂದರೂ ಆ ಮನುಷ್ಯನಲ್ಲಿ ಏನೂ ಸಿಕ್ಕುವುದಿಲ್ಲ. ನನ್ನ ಸಂಕಟಕ್ಕೆ ಅದೂ ಒಂದು ಕಾರಣ.

ತಂಗಿ ಹೋದ ಮೇಲೆ ನೆಂಟರಿಷ್ಟರೂ ನಮ್ಮ ಮನೆಯ ದಾರಿ ಮರೆತರು. ಮೊದಲು ಸೋಮವಾರ ಬಂತೆಂದರೆ ನಂಜುಂಡೇಶ್ವರನ ದರ್ಶನಕ್ಕೆ ಬಂದವರೆಲ್ಲ ನಮ್ಮಲ್ಲಿ ಕೈಕಾಲು ತೊಳೆದು, ಉಪ್ಪಿಟ್ಟು ತಿಂದು, ನನ್ನನ್ನು ಹೊಗಳಿ ಹೋಗುತ್ತಿದ್ದರು. ಅವರು ಬರುತ್ತಿದ್ದದ್ದು ನನಗಾಗಿಯಲ್ಲ, ಮಂಗಳಳ ಉಪ್ಪಿಟ್ಟಿಗಾಗಿ ಎನ್ನುವುದು ಈಗ ತಿಳಿಯಿತು. ನಾನು ಮಾಡಿದ ಉಪ್ಪಿಟ್ಟನ್ನು ಒಂದು ಸಲ ತಿಂದ ನಮ್ಮ ದೊಡ್ಡಪ್ಪನ ಸೊಸೆ, ಮುಂದಿನ ವಾರದಿಂದ ದೇವಸ್ಥಾನದ ದಾಸೋಹದಲ್ಲೇ ಊಟ ಚೆನ್ನಾಗಿರುತ್ತದೆಂದು ಎಲ್ಲರಿಗೂ ಹೇಳಿದಳಂತೆ.

ನಮ್ಮ ಮನೆಯಲ್ಲಿ ಊಟದ ಮೇಜಿಲ್ಲ. ನೆಲದ ಮೇಲೆ ಕೂತರೆ ನನ್ನ ಮಂಡಿ ಏಳುವಾಗ ಸಹಕರಿಸುವುದಿಲ್ಲವೆಂದು, ನಾವಿಬ್ಬರೂ ಎರಡು ಬೆತ್ತದ ಕುರ್ಚಿಗಳನ್ನು ಎದುರುಬದುರು ಹಾಕಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಮಂಗಳಳ ಕುರ್ಚಿಯ ಬೆತ್ತ ಹರಿದು ಹಳ್ಳ ಬಿದ್ದಿತ್ತು. ಅದಕ್ಕೆ ನಮ್ಮಪ್ಪನ ಕರಿ ಕಂಬಳಿಯನ್ನು ಎಂಟು ಮಡಿಕೆ ಮಾಡಿ ಹಾಸಿಕೊಂಡಿದ್ದಳು. ಹೋಗುವಾಗ ಸೀರೆ, ಪಾತ್ರೆ, ಕತ್ತರಿ ಎಲ್ಲ ತೆಗೆದುಕೊಂಡು ಹೋದವಳು ಕಂಬಳಿಯನ್ನು ಕುರ್ಚಿಯ ಮೇಲೆ ಹಾಗೆಯೇ ಬಿಟ್ಟಿದ್ದಳು. ನಾನೂ ಅದನ್ನು ತೆಗೆಯಲಿಲ್ಲ. ಖಾಲಿ ಕುರ್ಚಿ ನೋಡಿಕೊಂಡು ಒಂದು ವಾರ ಉಂಡೆ, ಅನ್ನ ಇಳಿಯಲಿಲ್ಲ. ಆಗ ಮಂಗಳಳೇ ಉಪಾಯ ಹೇಳಿದಳು: "ಏಳೂವರೆಗೆ ಡೈರಿಗೆ ಹಾಲು ಹಾಕಿ ಬಂದಿರ್ತೀನಿ. ವಿಡಿಯೋ ಕಾಲ್ ಮಾಡು, ಒಟ್ಟಿಗೇ ಉಣ್ಣೋಣ."

ಮೊಬೈಲಿನಲ್ಲಿ ಮಾಡಿ ನೋಡಿದೆ. ನನ್ನ ಕನ್ನಡಕಕ್ಕೆ ತಂಗಿಯ ಮುಖ ಹುಣಸೆ ಬೀಜದಷ್ಟು ಕಂಡಿತು. ಜೊತೆಗೆ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ತುತ್ತು. ಎರಡನೆಯ ದಿನವೇ ಫೋನು ಬಸ್ಸಾರಿನೊಳಗೆ ಬಿತ್ತು. ಆಮೇಲೆ ನೆನಪಾದದ್ದು ಲ್ಯಾಪ್‌ಟಾಪು. ಆನ್‌ಲೈನ್ ಪಾಠದ ಕಾಲದಲ್ಲಿ ಕೊಂಡದ್ದು, ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಅದನ್ನು ತಂದು ಎದುರು ಕುರ್ಚಿಯಲ್ಲಿ, ಮಂಗಳ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದೆ. ಜಾರದಿರಲಿ ಎಂದು ಕಂಬಳಿಯ ಅಂಚನ್ನು ಸುತ್ತಲೂ ಮೇಲೆತ್ತಿ ಒತ್ತಾಗಿ ಸಿಕ್ಕಿಸಿದೆ. ತಂಗಿಯ ಮುಖ ತಂಗಿಯ ಮುಖದಷ್ಟೇ ದೊಡ್ಡದಾಗಿ ಕಂಡಿತು. "ಅಕ್ಕಾ, ನಂಗೆ ನಿನ್ ಗಲ್ಲನೂ ಮೇಲಿನ ಫ್ಯಾನೂ ಬಿಟ್ರೆ ಏನೂ ಕಾಣಲ್ಲ," ಎಂದು ಅವಳು ನಕ್ಕಳು. ಕಂಡರೆ ಕಾಣಲಿ, ಬಿಟ್ಟರೆ ಬಿಡಲಿ, ನನಗೆ ಅವಳು ಕಂಡರೆ ಸಾಕಾಗಿತ್ತು. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡೆ. ಹಾಕಿಸಿಕೊಂಡೆ ಎಂದರೆ, ನಾನೇ ಹಾಕಿಕೊಂಡೆ.

ಹೀಗೆ ಒಂದು ವರ್ಷ ನಡೆಯಿತು. ಬೇಸಿಗೆ ಶುರುವಾಗುವ ಹೊತ್ತಿಗೆ ಲ್ಯಾಪ್‌ಟಾಪಿಗೆ ಈ ರೋಗ ತಗುಲಿತು. ಮೊದಲ ದಿನ ಮಂಗಳ ಹೊಸದಾಗಿ ಹುಟ್ಟಿದ ಕರುವಿನ ವಿಷಯ ಹೇಳುತ್ತಿದ್ದಳು. "ಅದಕ್ಕೆ ಏನ್ ಹೆಸರಿಟ್ಟಿದ್ದೀವಿ ಗೊತ್ತಾ?" ಎನ್ನುವಷ್ಟರಲ್ಲಿ ಅವಳ ಮುಖದ ಮೇಲೆ ಹಸಿರು ಗೆರೆಗಳು ಎದ್ದವು. ಮುಖ ನಾಲ್ಕು ತುಂಡಾಗಿ, ಮೂಗು ಒಂದು ಕಡೆ, ಬಾಯಿ ಇನ್ನೊಂದು ಕಡೆ ಹೋಯಿತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಗುರ್‌ಗುಟ್ಟಿತು. ಆಮೇಲೆ ಕತ್ತಲೆ. ನಾನು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ಎರಡು ನಿಮಿಷದಲ್ಲಿ ಮೊಬೈಲು ಹೊಡೆದುಕೊಂಡಿತು. "ಏನಾಯ್ತಕ್ಕಾ? ಬಿದ್ದುಗಿದ್ದ್ಯಾ?" ಹಿಂದಿನ ವರ್ಷ ನಾನು ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಅವಳಿಗೆ ಅದೊಂದೇ ಭಯ. ನಾನು ಬಿದ್ದಿಲ್ಲ, ಲ್ಯಾಪ್‌ಟಾಪು ಬಿದ್ದಿದೆ ಎಂದೆ. ಕರುವಿನ ಹೆಸರು ಗೌರಿ ಎಂದಳು. ನನ್ನ ಹೆಸರೂ ಗೌರಿಯೇ. "ನಿನ್ ಥರಾನೇ ಕಣಕ್ಕ, ಯಾರನ್ನೂ ಹತ್ರ ಸೇರ್ಸಲ್ಲ," ಎಂದಳು. ಆ ರಾತ್ರಿ ಫೋನಿನಲ್ಲೇ ಮುಕ್ಕಾಲು ಗಂಟೆ ಮಾತಾಡಿದೆವು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಸ್ಟಾಫ್ ರೂಮಿನಲ್ಲಿ ವಿಷಯ ಎತ್ತಿದೆ. ಸ್ಟಾಫ್ ರೂಮಿನಲ್ಲಿ ಕಾಯಿಲೆಯ ವಿಷಯ ಎತ್ತಬಾರದೆಂದು ಗೊತ್ತಿದ್ದೂ ಎತ್ತಿದೆ. ಗಣಿತದ ಮಾದೇಶ್ ಮೇಷ್ಟ್ರು ತೆರೆದ ಪೆನ್ನನ್ನು ಮುಚ್ಚಿ, "ಗೆರೆ ಬರುತ್ತಾ ಮೇಡಂ? ಹಸಿರಾ? ಹಂಗಾದ್ರೆ ಗ್ರಾಫಿಕ್ಸ್ ಹೋಗಿದೆ. ನೂರಕ್ಕೆ ನೂರು," ಎಂದರು. ಅವರು ಯಾವುದನ್ನೂ ತೊಂಬತ್ತೊಂಬತ್ತಕ್ಕೆ ಹೇಳುವವರಲ್ಲ. ಚಿತ್ರ ಮೂಡಿಸುವ ಚಿಪ್ಪೊಂದು ಒಳಗಿರುತ್ತದಂತೆ, ಅದು ದಣಿದರೆ ಹೀಗಾಗುತ್ತದಂತೆ. ಆದರೂ ಒಂದು ಕೈ ನೋಡೋಣವೆಂದು ಅದರೊಳಗೆ ಇದ್ದದ್ದನ್ನೆಲ್ಲ ತೆಗೆದು ಹೊಸದಾಗಿ ಹಾಕಿಕೊಟ್ಟರು. ಶಾಲೆಯಲ್ಲಿ ಎರಡು ಗಂಟೆ ಓಡಿಸಿದೆವು, ಕಮಕ್ ಕಿಮಕ್ ಎನ್ನಲಿಲ್ಲ. ಮನೆಗೆ ತಂದು ಕುರ್ಚಿಯಲ್ಲಿ ಕೂರಿಸಿ ಕರೆ ಮಾಡಿದೆ. ಹನ್ನೊಂದನೇ ನಿಮಿಷಕ್ಕೆ ಮಂಗಳ ಹಸಿರಾದಳು.

ನಾನು ವಿಜ್ಞಾನದವಳು, ಅಂದಾಜಿನ ಮಾತು ಒಪ್ಪುವುದಿಲ್ಲ. ಒಂದು ನೋಟ್‌ಬುಕ್ ತೆಗೆದು ಹುಡುಗರ ಪ್ರಯೋಗದ ಪುಸ್ತಕದಂತೆಯೇ ಬರೆಯತೊಡಗಿದೆ. ಉದ್ದೇಶ: ಲ್ಯಾಪ್‌ಟಾಪು ಏಕೆ ಆರುತ್ತದೆಂದು ತಿಳಿಯುವುದು. ಬೇಕಾಗುವ ಸಾಮಗ್ರಿಗಳು: ಲ್ಯಾಪ್‌ಟಾಪು, ತಂಗಿ, ಗಡಿಯಾರ. ವೀಕ್ಷಣೆ: ಏಳು ಮೂವತ್ತೆಂಟಕ್ಕೆ ಗೆರೆ, ಏಳು ನಲವತ್ತಕ್ಕೆ ಮುಖ ಚೂರು, ಏಳು ನಲವತ್ತೊಂದಕ್ಕೆ ಕತ್ತಲೆ. ಗೆರೆಗಳು ಅಡ್ಡವೋ ಉದ್ದವೋ, ಫ್ಯಾನಿನ ಸದ್ದು ಮೊದಲೋ ಗೆರೆ ಮೊದಲೋ, ಆ ಹೊತ್ತಿಗೆ ಮಂಗಳ ಯಾವ ಮಾತಿನಲ್ಲಿದ್ದಳು, ಎಲ್ಲವನ್ನೂ ಬರೆದೆ. ಬಲಗೈ ತಟ್ಟೆಯಲ್ಲಿದ್ದು, ಎಡಗೈಯಲ್ಲಿ ಬರೆಯುತ್ತಿದ್ದದ್ದರಿಂದ ಅಕ್ಷರ ನನ್ನ ಹುಡುಗರ ಅಕ್ಷರದಂತೆಯೇ ಬಂತು. ಹದಿನಾರು ದಿನದ ವೀಕ್ಷಣೆಯಾಯಿತು. ಕೊನೆಯಲ್ಲಿ ತೀರ್ಮಾನ ಎಂದು ಬರೆದು, ಕೆಳಗೆ ಗೆರೆ ಎಳೆದು, ಜಾಗ ಬಿಟ್ಟೆ. ಕೆಟ್ಟದ್ದನ್ನು ನೋಡಿಹೋಗಲೆಂದು ಆ ದಿನಗಳಲ್ಲಿ ಮಂಗಳ ಎರಡು ಭಾನುವಾರ ಬಂದಳು. ಲ್ಯಾಪ್‌ಟಾಪಿನ ಬೆನ್ನು ಸವರಿ, ನನಗೆ ಒಂದು ಡಬ್ಬಿ ಚಟ್ನಿಪುಡಿ ಮಾಡಿಟ್ಟು, ಮಧ್ಯಾಹ್ನದ ಬಸ್ಸಿಗೆ ಹೋದಳು. ಅದನ್ನು ವೀಕ್ಷಣೆಯಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಬೇರೆ ಏನಾದರೂ ಹೊಳೆಯುತ್ತಿತ್ತೇನೋ.

ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಸಿದ್ದರಾಜು ಎಂಬುವವರ ರಿಪೇರಿ ಅಂಗಡಿಯಿದೆ. ನನ್ನದೇ ವಯಸ್ಸು. ರೇಡಿಯೋದಿಂದ ಶುರುಮಾಡಿ, ಟೀವಿಗೆ ಬಂದು, ಈಗ ಲ್ಯಾಪ್‌ಟಾಪಿಗೆ ಬಂದವರು. ಯಾವ ವಸ್ತು ಕೊಟ್ಟರೂ ಮೊದಲು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ನನ್ನ ಲ್ಯಾಪ್‌ಟಾಪನ್ನೂ ಅಲ್ಲಾಡಿಸಿ, "ಗ್ರಾಫಿಕ್ಸ್ ಚಿಪ್ಪೇ ಓಗಿರ್ಬೌದು ಮೇಡಂ. ಬೋರ್ಡ್ ಬಿಚ್ಚಿ ಮೈಸೂರಿಗೆ ಕಳಿಸ್ಬೇಕಾಯ್ತದೆ. ಅದ್ಕೂ ಮುಂಚೆ ಒಸಿ ಓಡ್ಸಿ ನೋಡ್ತೀನಿ, ಬುಟ್ಟೋಗಿ," ಎಂದರು. ಸಂಜೆ ಹೋದರೆ ಅದರಲ್ಲಿ ಒಂದು ಹಳೇ ಸಿನಿಮಾದ ಕುಸ್ತಿ ನಡೆಯುತ್ತಿತ್ತು. "ನೋಡಿ ನೀವೇ. ಬೆಳಗಿಂದ ಮೂರು ಸಿನ್ಮಾ ಓಡ್ಸಿವ್ನಿ. ಒಂದ್ ಸಲನಾದ್ರೂ ಮಕ ಸಿಂಡ್ರಿಸ್ಲಿಲ್ಲ ಕಣ್ರೀ. ನಿಮ್ ಮನೇಲಿ ಇದ್ಕೆ ಏನ್ ಮಾಡ್ತೀರಿ?" ಏನೂ ಮಾಡುವುದಿಲ್ಲ, ತಂಗಿಯ ಜೊತೆ ಮಾತಾಡುತ್ತೇನೆ ಎಂದೆ. ಮತ್ತೆ ಕೆಟ್ಟಿತು, ಮತ್ತೆ ಕೊಟ್ಟೆ, ಮತ್ತೆ ಅಲ್ಲಿ ಸರಿಯಿತ್ತು. ಹೀಗೆ ಮೂರು ಸಲ. ಮೂರನೆಯ ಸಲ ಅವರು ಲ್ಯಾಪ್‌ಟಾಪನ್ನು ಬಿಟ್ಟು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಒಂಟಿ ಹೆಂಗಸು, ಮಾತಾಡಿಸುವವರಿಲ್ಲದೆ ಸುಮ್ಮಸುಮ್ಮನೆ ಬರುತ್ತಾಳೆ ಎಂದುಕೊಂಡರೋ ಏನೋ. ಅಂಗಡಿಯಲ್ಲಿ ಅವರು ಕೊಡಿಸುತ್ತಿದ್ದ ಟೀ ಚೆನ್ನಾಗಿರುತ್ತಿತ್ತು ಎನ್ನುವುದೂ ನಿಜ.

"ಭಾನ್ವಾರ ಎಡತಲೆಗೆ ಮಾವನ ಮನೇಗೋಯ್ತೀವ್ನಿ. ನಂಜನಗೂಡಲ್ಲಿ ಇಳ್ದು ನಿಮ್ಮನೇಲೇ ನೋಡ್ಬುಡ್ತೀನಿ ಮೇಡಂ," ಎಂದರು. ಹೆಡತಲೆಯ ಮಾವನ ಮನೆಗೆ ಒಯ್ಯುವ ಹಣ್ಣಿನ ಚೀಲವನ್ನು ಕೈಯಲ್ಲಿ ಹಿಡಿದೇ ಬಂದರು. ನಾನು ಎಂದಿನಂತೆ ಲ್ಯಾಪ್‌ಟಾಪನ್ನು ಎದುರು ಕುರ್ಚಿಯಲ್ಲಿ ಕೂರಿಸಿ, ಕಂಬಳಿಯ ಅಂಚು ಎತ್ತಿ, ಮಗುವಿಗೆ ಹೊದಿಸುವಂತೆ ಸುತ್ತಲೂ ಸಿಕ್ಕಿಸಿದೆ. ಸಿದ್ದರಾಜು ಚೀಲವನ್ನು ಕೆಳಗಿಟ್ಟರು. "ಮೇಡಂ, ದಿನಾ ಇಂಗೇಯಾ?" ಹೌದು ಎಂದೆ. "ನೀವು ಇಸ್ಕೂಲಲ್ಲಿ ಏನ್ ಪಾಠ ಮಾಡದು?" ವಿಜ್ಞಾನ ಎಂದೆ. ಅವರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಕಂಬಳಿಯ ಅಂಚನ್ನು ಮೆಲ್ಲಗೆ ಬಿಡಿಸಿ, ಲ್ಯಾಪ್‌ಟಾಪಿನ ಹೊಟ್ಟೆಯ ಕೆಳಗೆ, ಪಕ್ಕದಲ್ಲಿ ಇದ್ದ ಸಣ್ಣ ಸಣ್ಣ ಕಿಂಡಿಗಳನ್ನು ತೋರಿಸಿದರು. ಒಳಗಿನ ಬಿಸಿ ಹೊರಗೆ ಬರುವ ದಾರಿ ಅದೇ ಅಂತೆ. ಅದನ್ನೆಲ್ಲ ನಾನು ಉಣ್ಣೆಯಿಂದ ಮುಚ್ಚಿದ್ದೆ. ಕಾವು ತಡೆಯಲಾರದೆ ಆ ಚಿಪ್ಪು ಗೆರೆ ಗೆರೆಯಾಗಿ ಅಳುತ್ತಿತ್ತು. "ಚಿಪ್ಪು ಗಟ್ಟಿಯಾಗೇ ಅದೆ ಮೇಡಂ. ನನ್ ಮಗ್ಳು ನಿಮ್ ಕ್ಲಾಸಲ್ಲೇ ಅವ್ಳೆ. ಕಂಬ್ಳಿ ಬಿಸೀನ ಈಚೆಗ್ ಬುಡಲ್ಲ ಅಂತ ಮನೇಲಿ ಜೋರಾಗ್ ಬಾಯ್ಪಾಠ ಮಾಡ್ತಿದ್ಲು. ನೀವೇ ಏಳ್ಕೊಟ್ಟಿದ್ದಂತೆ."

ನಾನೇ ಹೇಳಿಕೊಟ್ಟದ್ದು. ಪ್ರತಿ ಜೂನಿನಲ್ಲಿ ಸೇತುಬಂಧದ ದಿನಗಳಲ್ಲಿ, ಹಿಂದಿನ ತರಗತಿಯದನ್ನು ನೆನಪಿಸುತ್ತಾ, ಕಂಬಳಿ ಬಿಸಿಯೋ ತಣ್ಣಗೋ ಎಂದು ಹುಡುಗರನ್ನು ಕೇಳುತ್ತೇನೆ. ಬಿಸಿ ಎಂದು ಎಲ್ಲರೂ ಕೂಗುತ್ತಾರೆ. ತಪ್ಪು ಎಂದು ನಾನು ಗೆದ್ದವಳಂತೆ ಬೋರ್ಡಿನ ಕಡೆ ತಿರುಗುತ್ತೇನೆ. ಕಂಬಳಿಗೆ ತನ್ನದೆಂಬ ಬಿಸಿ ಇಲ್ಲ. ಯಾರಾದರೂ ಹೊದ್ದರೆ ಅವರ ಬಿಸಿಯನ್ನು ಹೋಗಗೊಡದೆ ಇಟ್ಟುಕೊಳ್ಳುತ್ತದೆ, ಅಷ್ಟೆ. ಇಪ್ಪತ್ತೆಂಟು ಜೂನು ಇದನ್ನು ಹೇಳಿದವಳು ಮನೆಗೆ ಬಂದು ಲ್ಯಾಪ್‌ಟಾಪಿಗೆ ಕಂಬಳಿ ಹೊದಿಸಿದ್ದೆ. ಎಲ್ಲಿಟ್ಟು ಓಡಿಸುತ್ತೀರಿ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ತಂಗಿ ಕೂರುತ್ತಿದ್ದ ಜಾಗದಲ್ಲಿ ಎಂದು ಮಾದೇಶ್ ಮೇಷ್ಟ್ರ ಮುಂದೆ ಹೇಳುವುದು ಹೇಗೆ?

ಸಿದ್ದರಾಜು ಲ್ಯಾಪ್‌ಟಾಪನ್ನು ಮಂಗಳ ಬಿಟ್ಟುಹೋದ ಹಳೇ ಹೊಲಿಗೆ ಮಿಷನ್ನಿನ ಹಲಗೆಯ ಮೇಲಿಟ್ಟು, ನನ್ನ ಕುರ್ಚಿಯನ್ನು ಅದರ ಕಡೆ ತಿರುಗಿಸಿ ಹೋದರು. ಅಂದಿನಿಂದ ಅದು ಒಂದು ದಿನವೂ ಆರಲಿಲ್ಲ. ಗೆರೆಯಿಲ್ಲ, ಗಿರಣಿಯ ಸದ್ದಿಲ್ಲ. "ಅಬ್ಬಾ, ಅಕ್ಕನ ಪೂರ್ತಿ ಮುಖ ನೋಡಿ ಎಷ್ಟು ದಿನ ಆಯ್ತು!" ಎಂದು ಮಂಗಳ ಖುಷಿಪಟ್ಟಳು, ಕಂಬಳಿಯ ಕಥೆ ಕೇಳಿ ನಕ್ಕಳು. ಮಾತಾಡಿದೆವು. ಮಾತಾಡಿ ಮುಗಿಯಿತು. "ಸರಿ ಕಣಕ್ಕ, ಇವ್ರಿಗೆ ಮುದ್ದೆಗೆ ಎಸರಿಟ್ಟಿದ್ದೀನಿ, ಇಡ್ಲಾ?" ಎಂದಳು. ಗಡಿಯಾರ ನೋಡಿದರೆ ಒಂಬತ್ತು ನಿಮಿಷ. ಮರುದಿನ ಏಳು ನಿಮಿಷ. ಆಮೇಲೆ ಒಂದು ದಿನ ಹಸುವಿಗೆ ಮೈ ಸರಿಯಿಲ್ಲ, ಒಂದು ದಿನ ನಂಜಪ್ಪನವರ ಮಗಳು ಬಸುರಿಯಾಗಿ ಬಂದಿದ್ದಾಳೆ, ಬೇಗ ಬೇಗ ನಾಲ್ಕು ಮಾತು. ಅವಳದೇನೂ ತಪ್ಪಿಲ್ಲ. ಕರೆ ಸರಿಯಾಗಿ ಶುರುವಾಗಿ ಸರಿಯಾಗಿ ಮುಗಿದರೆ ಮತ್ತೆ ಫೋನು ಮಾಡಿ ಬಿದ್ದುಗಿದ್ದ್ಯಾ ಎಂದು ಯಾರು ಕೇಳುತ್ತಾರೆ? ಸರಿಯಿರುವ ಲ್ಯಾಪ್‌ಟಾಪನ್ನು ನೋಡಲು ಕವಲಂದೆಯಿಂದ ಬಸ್ಸು ಹತ್ತಿ ಯಾರು ಬರುತ್ತಾರೆ? ಆರು ಭಾನುವಾರ ಹೋದವು. ಚಟ್ನಿಪುಡಿ ಡಬ್ಬಿಯ ತಳ ಕಂಡಿತು.

ಮೊನ್ನೆ ಗುರುವಾರ ಏನಾಯಿತೆಂದರೆ, ಬೆಳಿಗ್ಗೆ ತರಗತಿಯಲ್ಲಿ ಸುಳ್ಳು ಹೇಳಿದ ಹುಡುಗನೊಬ್ಬನನ್ನು ನಿಲ್ಲಿಸಿ ಹತ್ತು ನಿಮಿಷ ಬುದ್ಧಿ ಹೇಳಿದ್ದೆ. ಅದೇ ಸಂಜೆ ಮನೆಗೆ ಬಂದು, ಅನ್ನಕ್ಕಿಟ್ಟು, ಲ್ಯಾಪ್‌ಟಾಪನ್ನು ಮಿಷನ್ನಿನ ಮೇಲಿಂದ ಇಳಿಸಿದೆ. ಎದುರು ಕುರ್ಚಿಯಲ್ಲಿ ಕೂರಿಸಿದೆ. ಕಂಬಳಿಯ ಅಂಚನ್ನು ಎತ್ತಿ, ಕಿಂಡಿಗಳು ಎಲ್ಲೆಲ್ಲಿವೆ ಎಂದು ಈಗ ಚೆನ್ನಾಗಿ ಗೊತ್ತಿದ್ದದ್ದರಿಂದ, ಸರಿಯಾಗಿ ಅಲ್ಲಲ್ಲೇ ಸಿಕ್ಕಿಸಿದೆ. ಮಂಗಳ ಬಂದಳು. ಮಾತು ಎಂಟನೇ ನಿಮಿಷಕ್ಕೆ ತೀರುವಂತಿತ್ತು. ನಾನು ಕರುವಿನ ವಿಷಯ, ಮಗಳ ಬಸಿರಿನ ವಿಷಯ ಎಳೆದೆಳೆದು ಕೇಳಿ ತಡೆದೆ. ಹನ್ನೆರಡನೇ ನಿಮಿಷಕ್ಕೆ ಹಸಿರು ಗೆರೆ ಬಂತು. ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಿದರೆ ನೀವು ನನ್ನ ಮಾನ ಉಳಿಸುವುದಿಲ್ಲ. ಕತ್ತಲೆಯಾಯಿತು. ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ.

ಹೊಡೆದುಕೊಂಡಿತು. ಬಿದ್ದುಗಿದ್ದ್ಯಾ ಎಂದು ಅವಳು ಕೇಳಲಿಲ್ಲ. "ಅಕ್ಕಾ, ಮಿಷನ್ ಮೇಲಿಂದ ಯಾಕ್ ಇಳಿಸ್ದೆ?" ಎಂದಳು.

"ಇಳಿಸ್ಲಿಲ್ವಲ್ಲ," ಎಂದೆ.

"ಸುಮ್ನಿರು. ಇವತ್ತು ಗಲ್ಲನೂ ಫ್ಯಾನೂ ಕಾಣ್ತಿತ್ತು."

ಬೆಳಿಗ್ಗೆ ನಿಲ್ಲಿಸಿದ್ದ ಆ ಹುಡುಗನ ಹಾಗೆ ನೆಲ ನೋಡುತ್ತಾ ಕೂತೆ. ಆ ಕಡೆ ಯಾವುದೋ ಹಸು ಕೂಗುತ್ತಿತ್ತು. ಆಮೇಲೆ ಮಂಗಳ ಮೆಲ್ಲಗೆ, "ಬಾ ಅಂತ ಒಂದ್ ಮಾತು ಬಾಯ್ಬಿಟ್ಟು ಹೇಳಕ್ಕೆ ಆಗಲ್ವಾ ನಿಂಗೆ? ಭಾನ್ವಾರ ಬತ್ತೀನಿ. ಅಲ್ಲೀವರ್ಗೂ ಅದನ್ನ ಸುಡ್ಬೇಡ," ಎಂದಳು. ಆಗಲೂ ನಾನು ಬಾ ಎನ್ನಲಿಲ್ಲ. "ಚಟ್ನಿಪುಡಿ ಮುಗ್ದಿದೆ ಕಣೆ," ಎಂದೆ.

ಫೋನಿಟ್ಟ ಮೇಲೆ ಲ್ಯಾಪ್‌ಟಾಪನ್ನು ಎತ್ತಿ ಮಿಷನ್ನಿನ ಮೇಲಿಟ್ಟೆ. ಕಂಬಳಿ ಸರಿಪಡಿಸಲು ಕೈಯಿಟ್ಟರೆ ಬೆಚ್ಚಗಿತ್ತು. ಈಗ ತಾನೇ ಯಾರೋ ಅಲ್ಲಿಂದ ಎದ್ದು ನೀರು ತರಲು ಒಳಗೆ ಹೋದ ಹಾಗೆ. ಕೈ ತೆಗೆಯಲಿಲ್ಲ. ಪಕ್ಕದಲ್ಲಿ ಆ ನೋಟ್‌ಬುಕ್ ಬಿದ್ದಿತ್ತು. ಹದಿನಾರು ದಿನದ ವೀಕ್ಷಣೆ, ಕೆಳಗೆ ತೀರ್ಮಾನ, ಅದರ ಕೆಳಗೆ ಖಾಲಿ. ತೀರ್ಮಾನ ಗೊತ್ತಿದ್ದೂ ಬರೆಯದೆ ತರುವ ಹುಡುಗರಿಗೆ ನಾನು ಸೊನ್ನೆ ಕೊಡುತ್ತೇನೆ. ಕಂಬಳಿ ಆರುವವರೆಗೂ ಅಲ್ಲೇ ಕೂತಿದ್ದು, ನನಗೂ ಒಂದು ಸೊನ್ನೆ ಕೊಟ್ಟುಕೊಂಡು, ತಣ್ಣಗಾದ ಅನ್ನವನ್ನು ಉಂಡೆ.